ಗೋಸುಂಬೆ ಗೂಡಿಗೆ ತೊಗಟೆ ಚೂರು ಹಾಸಿ ಕೆಟ್ಟೆವು

ಅಮೆರಿಕದಲ್ಲಿ ಮಕ್ಕಳ ಹಟಕ್ಕೆ ಗೋಸುಂಬೆ ತರಲು ಹೊರಟವರು ಇದನ್ನೊಮ್ಮೆ ಓದಿ. ಊರಲ್ಲಿರುವವರು ಮಾತ್ರ ಬೇಲಿ ಮೇಲಿನ ಗೋಸುಂಬೆಯನ್ನು ಹಿಡಿದು ಸಾಕಲು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ನಾವಿರುವುದು ಡಲ್ಲಾಸ್‌ನಲ್ಲಿ. ಮಗನಿಗೆ ತಂದದ್ದು ವೇಲ್ಡ್ ಕಮೀಲಿಯನ್, ಯೆಮನ್ ಮತ್ತು ಸೌದಿ ಕಡೆಯ ಜಾತಿ. ಹೆಸರು ಪಚ್ಚೆ. ನಾಲ್ಕಡಿ ಎತ್ತರದ ಜಾಲರಿ ಗೂಡು, ಒಳಗೆ ಗಿಡ, ಕೊಂಬೆ ಎಲ್ಲ ಇತ್ತು. ತಳ ಮಾತ್ರ ಬೋಳು. ಅಂಗಡಿಯವನು ಆರ್ಕಿಡ್ ಗಿಡಕ್ಕೆ ಹಾಕುವ ತೊಗಟೆ ಚೂರಿನ ಚೀಲ ಕೊಟ್ಟು, ತೇವ ಹಿಡಿಯುತ್ತೆ, ನೋಡೋಕೂ ಕಾಡಿನ ಥರ ಇರುತ್ತೆ ಅಂದ. ಎರಡಿಂಚು ಹಾಸಿದೆವು. ದಿನವಿಡೀ ಕೊಂಬೆ ಮೇಲಿರುವ ಪ್ರಾಣಿಗೆ ನೆಲದ ಅಲಂಕಾರ ಯಾಕೆ ಅಂತ ಆಗ ಹೊಳೆಯಲಿಲ್ಲ.

ಊಟಕ್ಕೆ ಜೀರುಂಡೆಗಳನ್ನು ಗೂಡಿನೊಳಗೆ ಹಾಗೇ ಬಿಡುತ್ತಿದ್ದೆವು. ಅವು ಸೀದಾ ಇಳಿದು ಚೂರುಗಳ ಸಂದಿ ಸೇರುತ್ತಿದ್ದವು. ಪಚ್ಚೆ ಕೆಳಗಿನ ಕೊಂಬೆಗೆ ಬಂದು, ಎರಡು ಕಣ್ಣನ್ನೂ ಎರಡು ಕಡೆ ಹೊರಳಿಸಿ, ಆಮೇಲೆ ಎರಡನ್ನೂ ಒಂದೇ ಹುಳದ ಮೇಲೆ ನೆಟ್ಟು, ಮೈಗಿಂತ ಉದ್ದದ ನಾಲಿಗೆ ಎಸೆಯುತ್ತಿತ್ತು. ನಾಲಿಗೆ ತುದಿ ಅಂಟಂಟು. ಹುಳದ ಜೊತೆ ಏನು ಅಂಟಿದರೂ ಬಾಯಿಗೇ. ಒಂದು ಸಂಜೆ ಬಾಯಂಚಲ್ಲಿ ಕಂದು ಚೂರು ಕಂಡಿತ್ತು. ಉಗುಳುತ್ತೆ ಬಿಡು ಅಂತ ಸುಮ್ನಾದೆ. ಸಾಲದ್ದಕ್ಕೆ ಈ ಜಾತಿ ಎಲೆಯನ್ನೂ ತಿನ್ನುತ್ತದೆ, ಮಣ್ಣು ತೊಗಟೆಗೂ ಬಾಯಿ ಹಾಕುತ್ತದೆ.

ಮೊದಲು ಊಟ ಬಿಟ್ಟಿತು. ಆಮೇಲೆ ಹಗಲಲ್ಲೇ ಕಣ್ಣು ಮುಚ್ಚಿ ಕೂರತೊಡಗಿತು. ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚಿದರೆ ಒಂದು ದಿನವೂ ಕಾಯಬೇಡಿ. ಸರೀಸೃಪ ನೋಡುವ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಹಿಕ್ಕೆ ಹಾಕಿ ಎಷ್ಟು ದಿನವಾಯಿತು? ನಮಗೆ ಗೊತ್ತಿರಲಿಲ್ಲ. ಹಾಕಿದ್ದರೂ ತೊಗಟೆಯಲ್ಲಿ ಕಾಣುತ್ತಿರಲಿಲ್ಲ, ಹಾಕದಿದ್ದರೂ ತಿಳಿಯುತ್ತಿರಲಿಲ್ಲ. ಎಕ್ಸ್‌ರೇ ನೋಡಿ ಕರುಳು ಕಟ್ಟಿದೆ ಅಂದರು. ಆಪರೇಷನ್‌ನಲ್ಲಿ ಎರಡು ಚೂರು ಸಿಕ್ಕವು, ನನ್ನ ಕಿರುಬೆರಳ ಉಗುರಿನಷ್ಟು. ಮೂರನೇ ದಿನ ಪಚ್ಚೆ ಹೋಯಿತು. ಮಗ ಆ ಚೂರುಗಳನ್ನು ಡಬ್ಬಿಯಲ್ಲಿಟ್ಟುಕೊಂಡಿದ್ದಾನೆ. ಬಿಸಾಡು ಅನ್ನೋಕೆ ನನಗೆ ಬಾಯಿ ಬಂದಿಲ್ಲ.

ಕ್ಯಾಲ್ಸಿಯಂ ಮರಳು, ಅಕ್ರೂಟ್ ಚಿಪ್ಪಿನ ಪುಡಿ, ತೆಂಗಿನ ಸಿಪ್ಪೆ ತುಂಡು ಅಂತ ಏನೇನೋ ಮಾರುತ್ತಾರೆ. ಅವೂ ಬೇಡ. ತಳಕ್ಕೆ ಕಾರ್ಪೆಟ್ ಹಾಸಿದರೆ, ಎಳೆ ಎದ್ದಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ.

ಈಗ ಮನೆಯಲ್ಲಿರುವುದು ಹೆಣ್ಣು. ತಳಕ್ಕೆ ಬರೀ ಪೇಪರ್ ಟವೆಲ್, ಹುಳಗಳು ಕೊಂಬೆಗೆ ಕಟ್ಟಿದ ಬಟ್ಟಲಲ್ಲಿ. ಹೆಣ್ಣಿಗೆ ಮರಳು ಬೇಕೇ ಬೇಕಾಗುವ ಒಂದು ಹೊತ್ತಿದೆ, ಮೊಟ್ಟೆ ಇಡುವಾಗ. ಗಂಡಿನ ಜೊತೆ ಸೇರದಿದ್ದರೂ ಇಡುತ್ತದೆ. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯಬಹುದು. ತೊಳೆದ ಮರಳನ್ನು ಒದ್ದೆ ಮಾಡಿ, ಅಡಿ ಆಳದ ಡಬ್ಬದಲ್ಲಿ ಅದಕ್ಕೆಂದೇ ಇಡಿ.

ಟವೆಲ್ ನೋಡೋಕೆ ಚೆನ್ನಾಗಿಲ್ಲ, ನಿಜ. ದಿನಾ ಬದಲಿಸಬೇಕು. ಆದರೆ ಹಿಕ್ಕೆ ಎದ್ದು ಕಾಣುತ್ತದೆ. ಅದರ ಬಿಳಿ ಭಾಗ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ ಅಂತ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಮಗನೇ ಬಗ್ಗಿ ನೋಡಿ, "ಅಮ್ಮಾ, ಬಿಳಿ" ಅಂತ ಕೂಗುತ್ತಾನೆ.