ಫುಟ್‌ಬಾಲ್ ಮ್ಯಾನೇಜರ್ 2024: ಲೆಕ್ಕ ಬಲ್ಲ ಮಾಲೀಕ, ಹಟವಿಲ್ಲದ ಮಾಲೀಕ

ಲಂಡನ್ನಿನ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆ ರೂಪಿಸಿ ಸೆಗಾ ಕಂಪನಿ ಪ್ರಕಟಿಸುವ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟದಲ್ಲಿ ಆಡುವವರು ಚೆಂಡನ್ನು ಒಮ್ಮೆಯೂ ಒದೆಯುವುದಿಲ್ಲ. ಕ್ಲಬ್ಬೊಂದರ ಮ್ಯಾನೇಜರ್ ಆಗಿ ತಂಡವನ್ನು ಆರಿಸುವುದು, ತಂತ್ರ ಹೆಣೆಯುವುದು, ಆಟಗಾರರನ್ನು ಕೊಳ್ಳುವುದು ಮತ್ತು ಮಾರುವುದು ಅವರ ಕೆಲಸ. 2023ರ ನವೆಂಬರ್‌ನಲ್ಲಿ ಬಿಡುಗಡೆಯಾದ 2024ರ ಆವೃತ್ತಿಯ ಪಂದ್ಯದ ದೃಶ್ಯಗಳು ಎಷ್ಟು ಚೆನ್ನಾಗಿವೆ, ಫ್ರೀ ಕಿಕ್, ಕಾರ್ನರ್ ಕಿಕ್‌ನಂತಹ ಸೆಟ್ ಪೀಸ್‌ಗಳ ಹೊಸ ವ್ಯವಸ್ಥೆ ಹೇಗಿದೆ ಎಂಬುದನ್ನು ಬಹಳ ಮಂದಿ ಈಗಾಗಲೇ ಬರೆದಿದ್ದಾರೆ. ನನ್ನ ಕುತೂಹಲವಿರುವುದು ಬೇರೆ ಕಡೆ. ಫುಟ್‌ಬಾಲ್ ಲೋಕದಲ್ಲಿ ಮ್ಯಾನೇಜರುಗಳ ಕೆಲಸ ಹೋಗುವುದಕ್ಕೆ ಸೋಲಿನ ಜೊತೆಗೆ ಕಾರಣವಾಗುವ ಜಗಳವೊಂದಿದೆ: ಯಾವ ಆಟಗಾರ ಬರಬೇಕು, ಯಾವನು ಹೋಗಬೇಕು ಎಂಬುದನ್ನು ತೀರ್ಮಾನಿಸುವವರು ಯಾರು ಎಂಬ ವಿಷಯದಲ್ಲಿ ಮಾಲೀಕನಿಗೂ ಮ್ಯಾನೇಜರನಿಗೂ ನಡೆಯುವ ಜಗಳ. ಅದನ್ನು ಈ ಆಟ ಎಷ್ಟು ನಿಜವಾಗಿ ಹಿಡಿದಿದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಆಟದ ಹಿನ್ನೆಲೆಯನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದುವರಿಯಬಹುದು. ಪಾಲ್ ಮತ್ತು ಆಲಿವರ್ ಕೊಲ್ಯರ್ ಎಂಬ ಸಹೋದರರು ಬರೆದ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ 1992ರಲ್ಲಿ ಬಂತು; ಮುಂದೆ ಪ್ರಕಾಶಕರಾಗಿದ್ದ ಐಡೋಸ್ ಸಂಸ್ಥೆಯಿಂದ ಬೇರ್ಪಟ್ಟ ಮೇಲೆ 2004ರಿಂದ ಈಗಿನ ಹೆಸರಿನಲ್ಲಿ ಸರಣಿ ಮುಂದುವರಿಯಿತು. ಇದರ ಆಟಗಾರರ ಮಾಹಿತಿ ಎಷ್ಟು ವಿಸ್ತಾರವಾದದ್ದೆಂದರೆ, 2008ರಲ್ಲಿ ಎವರ್ಟನ್ ಕ್ಲಬ್ ಹೊಸ ಆಟಗಾರರನ್ನು ಹುಡುಕುವ ತನ್ನ ಸ್ಕೌಟಿಂಗ್ ಕೆಲಸಕ್ಕೇ ಅದನ್ನು ಬಳಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಆಟಗಾರರನ್ನು ಈ ಆಟ ಬಲ್ಲಷ್ಟು ಮಾಲೀಕರನ್ನು ಬಲ್ಲುದೇ ಎಂಬುದು ನನ್ನ ಪ್ರಶ್ನೆ.

ಕ್ಲಬ್ಬಿಗೆ ಸೇರುತ್ತಲೇ ಆಡಳಿತ ಮಂಡಳಿಯ ಜೊತೆ ಸಭೆ ನಡೆಯುತ್ತದೆ. ಐದು ವರ್ಷಗಳ ಗುರಿಗಳೇನು, ಎಂತಹ ಆಟಗಾರರನ್ನು ತರಬೇಕು, ಯುವಕರಿಗೆ ಎಷ್ಟು ಅವಕಾಶ ಕೊಡಬೇಕು ಎಂಬುದನ್ನು ಅಲ್ಲಿ ಮುಂದಿಡುತ್ತಾರೆ. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬನ್ನು ಆರಿಸಿಕೊಂಡರೆ ಬಾಸ್ಕ್ ಪ್ರದೇಶದೊಂದಿಗೆ ನಂಟಿರುವ ಆಟಗಾರರನ್ನು ಮಾತ್ರ ಸೇರಿಸಿಕೊಳ್ಳುವ ಅದರ ಹಳೆಯ ನಿಯಮಕ್ಕೆ ನೀವೂ ಕಟ್ಟುಬೀಳಬೇಕು. ಆಟಗಾರರನ್ನು ಕೊಳ್ಳುವ ವರ್ಗಾವಣೆಗೆ ಇಷ್ಟು, ಸಂಬಳಕ್ಕೆ ಇಷ್ಟು ಎಂದು ಎರಡು ಬಜೆಟ್‌ಗಳಿರುತ್ತವೆ. ಒಂದರಿಂದ ಕಡಿಮೆ ಮಾಡಿ ಇನ್ನೊಂದಕ್ಕೆ ಸೇರಿಸಿಕೊಳ್ಳಬಹುದು. ಆಟಗಾರನನ್ನು ಮಾರಿದರೆ ಬಂದ ಹಣವೆಲ್ಲ ನಿಮ್ಮ ಕೈಗೆ ಬರುವುದಿಲ್ಲ, ಅದರಲ್ಲಿ ಎಷ್ಟು ಪಾಲು ನಿಮಗೆ ಎಂಬುದನ್ನೂ ಮಂಡಳಿಯೇ ಗೊತ್ತು ಮಾಡಿರುತ್ತದೆ. ಹೆಚ್ಚು ಹಣ ಕೇಳಬಹುದು, ನಿರಾಕರಿಸಿದರೆ ವಾದಿಸಬಹುದು, ಅದಕ್ಕೂ ಬಗ್ಗದಿದ್ದರೆ ರಾಜೀನಾಮೆಯ ಬೆದರಿಕೆ ಹಾಕಬಹುದು. ಆ ಬೆದರಿಕೆಯನ್ನು ಅವರು ಲೆಕ್ಕಿಸದಿದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಹಣದ ಮೇಲಿನ ಎಳೆದಾಟವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ತೋರಿಸುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಇದರಲ್ಲಿ ನನಗೆ ಅತ್ಯಂತ ನಿಜವೆನಿಸಿದ ಗಳಿಗೆ, ನಿಮ್ಮ ಅತ್ಯುತ್ತಮ ಆಟಗಾರನಿಗೆ ದೊಡ್ಡ ಮೊತ್ತದ ಬೇಡಿಕೆ ಬಂದಾಗ, ನೀವು ಬೇಡವೆಂದು ಕುಳಿತಿದ್ದರೂ ಮಂಡಳಿ ನಿಮ್ಮನ್ನು ದಾಟಿ ಅದಕ್ಕೆ ಒಪ್ಪಿಗೆ ಕೊಡುವ ಸಂದರ್ಭ. ಆಟದೊಳಗಿನ ಅಂಚೆಪೆಟ್ಟಿಗೆಯಲ್ಲಿ ಒಂದು ತಣ್ಣನೆಯ ಸಂದೇಶ ಮಾತ್ರ ಬಂದಿರುತ್ತದೆ. ಅದರ ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ: ಉಳಿದ ಆಟಗಾರರು ಕ್ಲಬ್ಬಿಗೆ ಮಹತ್ವಾಕಾಂಕ್ಷೆಯೇ ಇಲ್ಲವೆಂದು ದೂರಬಹುದು, ತಂಡವನ್ನು ಬಲಪಡಿಸುತ್ತೇನೆಂದು ನೀವು ಯಾರಿಗೋ ಕೊಟ್ಟ ಮಾತು ಮುರಿದುಬೀಳಬಹುದು, ಡ್ರೆಸ್ಸಿಂಗ್ ರೂಮಿನಲ್ಲಿ ಗುಂಪುಗಳು ಏಳಬಹುದು. ತೀರ್ಮಾನ ಮೇಲಿನವರದ್ದು, ಆಟಗಾರರೆದುರು ಮುಖ ತೋರಿಸಬೇಕಾದವನು ಮ್ಯಾನೇಜರ್. ಈ ಅಸಮತೋಲನವನ್ನು ಆಟ ಮಾತಿನಲ್ಲಿ ವಿವರಿಸುವುದಿಲ್ಲ, ಅನುಭವಕ್ಕೆ ತರುತ್ತದೆ. ಅದಕ್ಕಾಗಿ ಆಟವನ್ನು ರೂಪಿಸಿದವರನ್ನು ಮೆಚ್ಚಲೇಬೇಕು.

ಆದರೆ ಈ ಮಂಡಳಿಯ ಹಿಂದೆ ಇರುವುದು ಲೆಕ್ಕವೇ ಹೊರತು ಮನುಷ್ಯನಲ್ಲ ಎಂಬುದು ಕೆಲವು ಋತುಗಳಲ್ಲಿ ತಿಳಿದುಬಿಡುತ್ತದೆ. ಆಟದ ಜೊತೆ ಬರುವ ಎಡಿಟರ್ ಎಂಬ, ಮಾಹಿತಿ ತಿದ್ದುವ ತಂತ್ರಾಂಶವನ್ನು ತೆರೆದು ನೋಡಿದರೆ, ಕ್ಲಬ್ ಅಧ್ಯಕ್ಷರಿಗೂ ಆಟಗಾರರಂತೆಯೇ 1ರಿಂದ 20ರವರೆಗಿನ ಅಂಕಗಳಿರುವುದು ಕಾಣುತ್ತದೆ; ತಾಳ್ಮೆ, ವ್ಯವಹಾರ ಜ್ಞಾನ, ಮೂಗು ತೂರಿಸುವ ಸ್ವಭಾವ, ಹೀಗೆ. ಮೂಗು ತೂರಿಸುವುದಕ್ಕೂ ಅಂಕ ಕೊಟ್ಟಿರುವುದು ತಮಾಷೆಯಾಗಿದೆ, ಜಾಣತನವೂ ಹೌದು. ಆದರೆ ಆ ಅಂಕ ಹೆಚ್ಚಿದ್ದರೂ ಅದು ಆಟದಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಹಣದ ವಿಷಯದಲ್ಲೇ. ನಿಜವಾದ ಜಗಳಗಳ ದಾಖಲೆಯನ್ನು ನೋಡಿದರೆ ಹಣ ಅಲ್ಲಿ ನೆಪವಷ್ಟೇ ಆಗಿರುವುದು ಎಷ್ಟೋ ಸಲ ಕಾಣುತ್ತದೆ. ಕೊಟ್ಟ ಕುದುರೆಯನ್ನೇರು ಎಂಬುದು ಮಾಲೀಕನ ನಿಲುವು. ಕುದುರೆಯನ್ನು ಆರಿಸುವ ಹಕ್ಕೇ ತನ್ನದೆಂಬುದು ಮ್ಯಾನೇಜರನ ನಿಲುವು.

ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ಬಿನಲ್ಲಿ 2008ರಲ್ಲಿ ನಡೆದದ್ದು ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ, ಏಕೆಂದರೆ ಅದು ಗಾಳಿಸುದ್ದಿಯಾಗಿ ಉಳಿಯದೆ ನ್ಯಾಯಮಂಡಳಿಯ ತೀರ್ಪಿನಲ್ಲಿ ದಾಖಲಾಗಿದೆ. ಆ ವರ್ಷದ ಜನವರಿಯಲ್ಲಿ ಕೆವಿನ್ ಕೀಗನ್ ಎರಡನೇ ಬಾರಿಗೆ ಅಲ್ಲಿನ ಮ್ಯಾನೇಜರ್ ಆದರು. ಕ್ಲಬ್ಬಿನ ಆಗಿನ ಮಾಲೀಕ ಮೈಕ್ ಆಶ್ಲಿ. ಆಟಗಾರರ ನೇಮಕಾತಿಯ ಮೇಲ್ವಿಚಾರಣೆಗೆಂದು ಡೆನಿಸ್ ವೈಸ್ ಅವರನ್ನೂ ತಂದಿದ್ದರು. ಆಗಸ್ಟ್ ಕೊನೆಯಲ್ಲಿ ವೈಸ್ ಅವರು ಇಗ್ನಾಸಿಯೊ ಗೊನ್ಸಾಲೆಸ್ ಎಂಬ ಉರುಗ್ವೆಯ ಆಟಗಾರನ ಹೆಸರು ಹೇಳಿ, ಯೂಟ್ಯೂಬ್‌ನಲ್ಲಿ ಅವನ ಆಟ ನೋಡುವಂತೆ ಕೀಗನ್ ಅವರಿಗೆ ತಿಳಿಸಿದರು. ಆ ತುಣುಕುಗಳು ಆಟಗಾರನೊಬ್ಬನನ್ನು ಅಳೆಯುವುದಕ್ಕೆ ಸಾಲದವು. ಕ್ಲಬ್ಬಿನಲ್ಲಿ ಯಾರೂ ಅವನ ಆಟವನ್ನು ನೋಡಿರಲಿಲ್ಲ. ಕೀಗನ್ ಬಲವಾಗಿ ವಿರೋಧಿಸಿದರೂ ಸ್ಪೇನಿನ ವೆಲೆನ್ಸಿಯಾ ಕ್ಲಬ್ಬಿನಿಂದ ಅವನನ್ನು ಎರವಲಾಗಿ ತರಲಾಯಿತು. ದಕ್ಷಿಣ ಅಮೆರಿಕದ ಇಬ್ಬರು ಪ್ರಭಾವಿ ಏಜೆಂಟರಿಗೆ ಉಪಕಾರ ಮಾಡಿದರೆ ಮುಂದೆ ಅನುಕೂಲವಾದೀತು ಎಂಬುದು ಕ್ಲಬ್ಬಿನ ಕಡೆಯ ಸಾಕ್ಷಿಗಳೇ ಕೊಟ್ಟ ಕಾರಣ. ಮೊದಲ ತಂಡದಲ್ಲಿ ಆಡುವ ನಿರೀಕ್ಷೆಯೇ ಇಲ್ಲದ ಅವನ ಸಂಬಳಕ್ಕೆ ಸುಮಾರು 10 ಲಕ್ಷ ಪೌಂಡ್ ತಗಲಿತು. ಸೆಪ್ಟೆಂಬರ್ 4ರಂದು ಕೀಗನ್ ರಾಜೀನಾಮೆ ಕೊಟ್ಟರು. ನೇಮಕಾತಿಯಲ್ಲಿ ಕೊನೆಯ ಮಾತು ಅವರದ್ದಾಗಿತ್ತು, ಅದನ್ನು ಮುರಿದದ್ದರಿಂದ ಅವರನ್ನು ಕೆಲಸದಿಂದ ತಳ್ಳಿದಂತೆಯೇ ಆಯಿತು ಎಂದು 2009ರ ಅಕ್ಟೋಬರ್‌ನಲ್ಲಿ ಪ್ರೀಮಿಯರ್ ಲೀಗಿನ ನ್ಯಾಯಮಂಡಳಿ ತೀರ್ಪು ನೀಡಿ 20 ಲಕ್ಷ ಪೌಂಡ್ ಪರಿಹಾರವನ್ನು ವಿಧಿಸಿತು.

ಇಂತಹ ಪ್ರಕರಣ ಫುಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ಹುಟ್ಟುವುದನ್ನು ನಾನು ಕಂಡಿಲ್ಲ. ಇಲ್ಲಿಯೂ ಏಜೆಂಟರಿದ್ದಾರೆ, ಅವರು ದಲ್ಲಾಳಿ ಹಣಕ್ಕಾಗಿ ಪಟ್ಟು ಹಿಡಿಯುತ್ತಾರೆ, ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾರೆ. ಆದರೆ ನಿಮ್ಮ ಬೆನ್ನ ಹಿಂದೆ ಮಾಲೀಕನ ಮನೆಗೆ ಹೋಗಿ ಕುಳಿತುಕೊಳ್ಳುವುದಿಲ್ಲ. ಡೈರೆಕ್ಟರ್ ಆಫ್ ಫುಟ್‌ಬಾಲ್ ಎಂಬ, ಆಟಗಾರರ ನೇಮಕಾತಿ ನೋಡಿಕೊಳ್ಳುವ ಹುದ್ದೆ ಇದೆ, ಅದು ಸಿಬ್ಬಂದಿಯ ಹೊಣೆಗಾರಿಕೆಯ ಪುಟದಲ್ಲಿ ಒಂದು ಸಾಲಾಗಿ ನಿಮ್ಮ ಮರ್ಜಿಗೆ ಕಾಯುತ್ತಿರುತ್ತದೆ. ಬೇಡವಾದರೆ ಆಟಗಾರರ ಖರೀದಿಯ ಹೊಣೆಯನ್ನು ಅವನಿಂದ ನೀವೇ ಹಿಂತೆಗೆದುಕೊಳ್ಳಬಹುದು. ನಿಜ ಜೀವನದಲ್ಲಿ ಕೀಗನ್ ಅವರ ಜಗಳವೆಲ್ಲ ಇದ್ದದ್ದು ಆ ಒಂದು ಸಾಲಿಗಾಗಿ.

ಅದೇ ವಾರ, ಕೀಗನ್ ಅವರಿಗಿಂತ ಒಂದು ದಿನ ಮೊದಲು, ವೆಸ್ಟ್ ಹ್ಯಾಮ್ ಮ್ಯಾನೇಜರ್ ಅಲನ್ ಕರ್ಬಿಶ್ಲಿ ಕೂಡ ಹೊರನಡೆದಿದ್ದರು. ಆಂಟನ್ ಫರ್ಡಿನಂಡ್ ಮತ್ತು ಜಾರ್ಜ್ ಮೆಕಾರ್ಟ್ನಿ ಎಂಬ ಇಬ್ಬರು ರಕ್ಷಣಾ ಆಟಗಾರರನ್ನು ಸಂಡರ್‌ಲ್ಯಾಂಡಿಗೆ ಮಾರಿದ್ದು ಕಾರಣ. ಅವರ ಒಪ್ಪಂದದಲ್ಲಿ ವರ್ಗಾವಣೆಯ ಅಧಿಕಾರದ ಮಾತಿತ್ತು. ಅವರೂ 2009ರಲ್ಲಿ ಪ್ರಕರಣ ಗೆದ್ದರು. ಮ್ಯಾನೇಜರ್ ತನ್ನ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಂಡು, ಅದು ಮುರಿದಾಗ ನ್ಯಾಯ ಕೇಳುವ ದಾರಿ ಈ ಆಟದಲ್ಲಿ ಇಲ್ಲ. ರಾಜೀನಾಮೆ ಕೊಟ್ಟರೆ ಮುಂದಿನ ಕೆಲಸ ಹುಡುಕಬೇಕು, ಅಷ್ಟೇ. ಒಪ್ಪಂದ ಎಂದರೆ ಇಲ್ಲಿ ಮುಖ್ಯವಾಗಿ ಸಂಬಳ ಮತ್ತು ಅವಧಿ.

ಮಾಲೀಕನ ಪ್ರೀತಿಯೂ ಜಗಳಕ್ಕೆ ಕಾರಣವಾಗುತ್ತದೆ ಎಂಬುದನ್ನು ಲಂಡನ್ನಿನ ಚೆಲ್ಸಿ ಕ್ಲಬ್ ತೋರಿಸಿದೆ. 2006ರ ಬೇಸಿಗೆಯಲ್ಲಿ ಎಸಿ ಮಿಲಾನ್‌ನಿಂದ ಆಂದ್ರಿ ಶೆವ್ಚೆಂಕೊ ಅವರನ್ನು ಸುಮಾರು 3 ಕೋಟಿ ಪೌಂಡ್‌ಗೆ ಕೊಂಡಾಗ, ಇದು ಮ್ಯಾನೇಜರ್ ಜೋಸೆ ಮೌರಿನ್ಯೊ ಅವರ ಆಯ್ಕೆಯಲ್ಲ, ಮಾಲೀಕ ರೋಮನ್ ಅಬ್ರಮೊವಿಚ್ ಅವರ ಮೆಚ್ಚಿನ ಆಟಗಾರ ಎಂಬ ಮಾತು ಎಲ್ಲೆಡೆ ಇತ್ತು. 2004ರಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿ ಗೆದ್ದಿದ್ದ ಶೆವ್ಚೆಂಕೊ ಚೆಲ್ಸಿ ಪರವಾಗಿ ಲೀಗ್ ಪಂದ್ಯಗಳಲ್ಲಿ ಒಟ್ಟು ಹೊಡೆದ ಗೋಲುಗಳು 9. 2007ರ ಸೆಪ್ಟೆಂಬರ್‌ನಲ್ಲಿ ಮೌರಿನ್ಯೊ ಕ್ಲಬ್ ತೊರೆದರು. ಮಾಲೀಕ ಮನಸಾರೆ ಮೆಚ್ಚಿ ತಂದವನನ್ನು ಬೆಂಚಿನ ಮೇಲೆ ಕೂರಿಸಿದರೆ ಆಗುವ ಇರುಸುಮುರುಸನ್ನು ಆಟದೊಳಗೆ ತರುವುದು ಕಷ್ಟವಿರಬಹುದು; ಆದರೆ ಪತ್ರಕರ್ತರ ಮುನಿಸಿಗೂ ಬೆಂಬಲಿಗರ ಅಸಮಾಧಾನಕ್ಕೂ ಪುಟಗಟ್ಟಲೆ ಜಾಗ ಕೊಟ್ಟಿರುವ ಆಟದ ನಿರ್ಮಾತೃಗಳು ಮಾಲೀಕನ ಅಭಿಮಾನಭಂಗಕ್ಕೆ ಒಂದು ಮೂಲೆಯನ್ನಾದರೂ ಕೊಡಬಹುದಿತ್ತು.

ಮಂಡಳಿಯ ಜೊತೆಗಿನ ಸಂಭಾಷಣೆಯಂತೂ ಆಟದ ಅತ್ಯಂತ ದುರ್ಬಲ ಭಾಗ. ಸಿದ್ಧ ವಾಕ್ಯಗಳಲ್ಲಿ ಒಂದನ್ನು ಆರಿಸಬೇಕು, ಉತ್ತರವೂ ಸಿದ್ಧ ವಾಕ್ಯವೇ. ಕೆಲವು ತಿಂಗಳ ನಂತರ ಮತ್ತೆ ಕೇಳಿದರೆ ಹಿಂದಿನ ಜಟಾಪಟಿಯ ಕಹಿ ಯಾರ ಮಾತಿನಲ್ಲೂ ಇರುವುದಿಲ್ಲ. ತಂಡ ಗೆಲ್ಲುತ್ತಿದ್ದರೆ ಎಲ್ಲವೂ ಕ್ಷಮ್ಯ. ಕ್ಲಬ್ಬುಗಳಲ್ಲಿ ಹಾಗಾಗುವುದಿಲ್ಲ, ಗೆಲ್ಲುತ್ತಿರುವಾಗಲೇ ಹಳೆಯ ಲೆಕ್ಕ ಚುಕ್ತಾ ಮಾಡಿದ ಮಾಲೀಕರಿದ್ದಾರೆ.

ಭಾರತದ ಲೀಗ್ ಕೂಡ ಈ ಆವೃತ್ತಿಯಲ್ಲಿರುವುದರಿಂದ ಬೆಂಗಳೂರು ಎಫ್‌ಸಿ ತಂಡವನ್ನು ವಹಿಸಿಕೊಳ್ಳಬಹುದು. ವಿದೇಶಿ ಆಟಗಾರರ ಮಿತಿ ಮತ್ತು ಸಣ್ಣ ಬಜೆಟ್ ಇಲ್ಲಿ ಮಾಲೀಕನಿಗಿಂತ ಹೆಚ್ಚು ಕಾಡುತ್ತವೆ. ಜಗಳಕ್ಕೆ ಬೇಕಾಗುವಷ್ಟು ಹಣವೇ ಚಲಾವಣೆಯಲ್ಲಿರುವುದಿಲ್ಲ. ಆಟದಲ್ಲಿ ಕನ್ನಡವಿಲ್ಲ, ಓದಬೇಕಾದದ್ದು ವಿಪರೀತ. ಇಂಗ್ಲಿಷ್ ಓದುವ ಅಭ್ಯಾಸವಿಲ್ಲದವರಿಗೆ ತ್ರಾಸವಾದೀತು. 2025ರ ಆವೃತ್ತಿ ರದ್ದಾಯಿತು, ಯೂನಿಟಿ ಎಂಬ ಆಟ ಕಟ್ಟುವ ತಂತ್ರಾಂಶದ ಮೇಲೆ ಕಟ್ಟಿದ 2026ರ ಆವೃತ್ತಿ 2025ರ ನವೆಂಬರ್‌ನಲ್ಲಿ ಬಂದಿದೆ. ಇಲ್ಲಿ ಹೇಳಿದ್ದೆಲ್ಲ 2024ರ ಆವೃತ್ತಿಗೆ ಮಾತ್ರ ಸಂಬಂಧಿಸಿದ್ದು.

ತಂತ್ರ ಮತ್ತು ಸ್ಕೌಟಿಂಗ್‌ಗಾಗಿ ಆಡುವವರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮ್ಯಾನೇಜರನ ಸಂಕಟವನ್ನೂ ಅರಿಯಬೇಕೆನ್ನುವವರು ಒಂದು ಕೆಲಸ ಮಾಡಬೇಕು: ಆಟ ಶುರುವಾಗುವ ಮೊದಲೇ ಹೊಣೆಗಾರಿಕೆಯ ಪುಟಕ್ಕೆ ಹೋಗಿ, ಆಟಗಾರರನ್ನು ಹುಡುಕುವುದು, ಬೆಲೆ ಕುದುರಿಸುವುದು, ಮಾರುವುದು ಎಲ್ಲವನ್ನೂ ಡೈರೆಕ್ಟರ್ ಆಫ್ ಫುಟ್‌ಬಾಲ್ ಕೈಗೆ ಒಪ್ಪಿಸಿ, ಋತು ಮುಗಿಯುವವರೆಗೆ ಆ ಪುಟವನ್ನು ಮತ್ತೆ ತೆರೆಯಬಾರದು. ಎಡ ಬದಿಯ ರಕ್ಷಣಾ ಆಟಗಾರ ಬೇಕೆಂದು ಕಾಯುತ್ತಿರುವಾಗ ಮೂರನೆಯ ಸ್ಟ್ರೈಕರ್ ಬಂದು ನಿಂತರೂ ಶನಿವಾರದ ಪಂದ್ಯಕ್ಕೆ ತಂಡ ಆರಿಸಬೇಕಾದವರು ನೀವೇ.