ಆರ್ಥರ್ ಅವೆನ್ಯೂ: ಹಸಿವಿಗಿಂತ ಮೊದಲು ಚೀಲ ತನ್ನಿ

ನ್ಯೂಯಾರ್ಕಿನ ‘ಲಿಟಲ್ ಇಟಲಿ’, ಅಂದರೆ ಇಟಾಲಿಯನ್ನರ ಬಡಾವಣೆ, ಅಂದ ಕೂಡಲೇ ಹೆಚ್ಚಿನವರು ಮ್ಯಾನ್‌ಹಟನ್ನಿನ ಮಲ್ಬೆರಿ ಸ್ಟ್ರೀಟಿಗೆ ಹೋಗಿ, ಬೀದಿಗೆ ಹಾಕಿದ ಮೇಜಿನಲ್ಲಿ ಊಟ ಮುಗಿಸಿ ಬರುತ್ತಾರೆ. ಇಟಾಲಿಯನ್ ಅಡುಗೆಗೆ ಒಳ್ಳೆಯ ಸಾಮಾನು ಬೇಕಿದ್ದವರು ಹೋಗಬೇಕಾದ್ದು ಅದೇ ನಗರದ ಬ್ರಾಂಕ್ಸ್ ಭಾಗದಲ್ಲಿರುವ ಬೆಲ್ಮಾಂಟ್ ಬಡಾವಣೆಗೆ. ಆರ್ಥರ್ ಅವೆನ್ಯೂ, ಅದನ್ನು ಅಡ್ಡ ಹಾಯುವ ಪೂರ್ವ 187ನೇ ಸ್ಟ್ರೀಟ್, ಮುಖ್ಯವಾಗಿ ಇಷ್ಟೇ. ಹೋಟೆಲುಗಳೂ ಇವೆ. ಆದರೆ ಈ ಬೀದಿಯ ಜೀವ ಇರುವುದು ಅಂಗಡಿಗಳ ಕೌಂಟರಿನಲ್ಲಿ.

ಗ್ರ್ಯಾಂಡ್ ಸೆಂಟ್ರಲ್‌ನಿಂದ ಮೆಟ್ರೋ-ನಾರ್ತ್ ರೈಲಿನಲ್ಲಿ ಫೋರ್ಡಂ ನಿಲ್ದಾಣಕ್ಕೆ ಸುಮಾರು 20 ನಿಮಿಷ, ಅಲ್ಲಿಂದ ಕಾಲು ಗಂಟೆಯೊಳಗಿನ ನಡಿಗೆ. ಶನಿವಾರ ಬೆಳಿಗ್ಗೆ ಹೋಗುವುದೇ ಸರಿ. ಭಾನುವಾರ ಹಲವು ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ. ಸ್ವಲ್ಪ ನಗದು ಇಟ್ಟುಕೊಂಡಿರಿ.

ಒಣ ಸಾಮಾನಿನಿಂದ ಶುರು ಮಾಡಿ. 1915ರ ಟೈಟೆಲ್ ಬ್ರದರ್ಸ್ ಅಂಗಡಿಯನ್ನು ಕಟ್ಟಿದ್ದು ಇಟಾಲಿಯನ್ನರಲ್ಲ, ಯಹೂದಿ ಕುಟುಂಬ. ಬಾಗಿಲ ಬಳಿಯ ನೆಲದ ಮೊಸಾಯಿಕ್‌ನಲ್ಲಿ ದಾವೀದನ ನಕ್ಷತ್ರ ಈಗಲೂ ಇದೆ. ಆಲಿವ್ ಎಣ್ಣೆ, ಡಬ್ಬಿ ಟೊಮೆಟೊ, ಒಣ ಪಾಸ್ತಾ ಇಲ್ಲಿಯೇ ತೆಗೆದುಕೊಳ್ಳಿ. ಪಕ್ಕಾ ಸಸ್ಯಾಹಾರಿಗಳು ಚೀಸ್ ವಿಷಯದಲ್ಲಿ ಎಚ್ಚರದಿಂದಿರಬೇಕು. ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಇವೆರಡರಲ್ಲಿ ಬೇರೆ ದಾರಿಯಿಲ್ಲ. ಮೊಜರೆಲ್ಲಾಕ್ಕೆ ಕೆಲವರು ಸೂಕ್ಷ್ಮಜೀವಿಗಳಿಂದ ಬಂದ ರೆನೆಟ್ ಬಳಸುತ್ತಾರೆ, ಹಾಗಾಗಿ ಅಂಗಡಿಯಲ್ಲೇ ಕೇಳಿ.

ಮುಂದೆ 187ನೇ ಸ್ಟ್ರೀಟಿನ ತಾಜಾ ಪಾಸ್ತಾ ಅಂಗಡಿ ಬೊರ್ಗಾಟ್ಟಿಸ್, 1935ರಿಂದ ನಡೆದು ಬಂದಿದೆ. ಹಾಳೆಯಂತೆ ಲಟ್ಟಿಸಿದ ಹಿಟ್ಟನ್ನು ನೀವು ಹೇಳಿದ ಅಗಲಕ್ಕೆ ಕತ್ತರಿಸಿಕೊಡುತ್ತಾರೆ. ನೂಡಲ್ಸ್‌ನಲ್ಲಿ ಮೊಟ್ಟೆ ಇದೆ. ಮೊಟ್ಟೆ ತಿನ್ನದವರಿಗೆ ಟೈಟೆಲ್‌ನ ಒಣ ರವೆ ಪಾಸ್ತಾನೇ ಗತಿ, ಅದರ ಪೊಟ್ಟಣದ ಮೇಲೂ ಒಮ್ಮೆ ಕಣ್ಣಾಡಿಸಿ. ಮನೆಗೆ ಹೋದ ತಕ್ಷಣ ಪೊಟ್ಟಣ ಬಿಚ್ಚಿ ನೂಡಲ್ಸ್ ಹರವಿ, ಸ್ವಲ್ಪ ರವೆ ಉದುರಿಸಿ. ಹಾಗೇ ಬಿಟ್ಟರೆ ತೇವಕ್ಕೆ ಎಳೆಗಳು ಅಂಟಿ ಮುದ್ದೆಯಾಗುತ್ತವೆ. ಲೀಟರ್ ನೀರಿಗೆ 10 ಗ್ರಾಂ ಉಪ್ಪು ಹಾಕಿ, ಚೆನ್ನಾಗಿ ಕುದಿಯುವಾಗ ಬಿಟ್ಟರೆ ಎರಡು-ಮೂರು ನಿಮಿಷ ಸಾಕು. ಹೂರಣ ತುಂಬಿದ ಪಾಸ್ತಾ ರವಿಯೋಲಿಯನ್ನು ಫ್ರೀಜರಿನಲ್ಲಿ ಇಟ್ಟಿದ್ದರೆ ಕರಗಿಸದೆ ನೇರ ನೀರಿಗೆ ಹಾಕಿ. ಕರಗಿದರೆ ಹೂರಣದ ನೀರಿಗೆ ಮೇಲಿನ ಹಿಟ್ಟು ಮೆತ್ತಗಾಗಿ ಒಡೆಯುತ್ತದೆ.

ಆರ್ಥರ್ ಅವೆನ್ಯೂದಲ್ಲೇ, ಆಗಿನ ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ತಳ್ಳುಗಾಡಿಯವರಿಗಾಗಿ 1940ರಲ್ಲಿ ತೆರೆಸಿದ, ಸೂರಿರುವ ಮಾರುಕಟ್ಟೆ ಇದೆ. ತರಕಾರಿ, ಡೆಲಿ (ಚೀಸ್, ಮಾಂಸ, ಸ್ಯಾಂಡ್ವಿಚ್ ಮಾರುವ ಅಂಗಡಿ), ಸಿಗಾರ್ ಸುತ್ತುವವರು, ಎಲ್ಲ ಒಂದೇ ಸೂರಿನಡಿ. ಒಂದು ಸುತ್ತು ಹಾಕಿ ಹೊರಟರೆ ಸಾಕು.

ಬ್ರೆಡ್ಡಿಗೆ ಅಡೇಯೊ ಅಥವಾ ಮಡೋನಿಯಾ ಬೇಕರಿಗೆ ಹೋಗಿ. ‘ಪ್ರೊಶುಟ್ಟೊ ಬ್ರೆಡ್’, ‘ಲಾರ್ಡ್ ಬ್ರೆಡ್’ ಎಂದಿದ್ದರೆ ಅದರಲ್ಲಿ ಹಂದಿ ಮಾಂಸ ಮತ್ತು ಕೊಬ್ಬು ಇರುತ್ತವೆ. ಹೊರಗಿನಿಂದ ನೋಡಿದರೆ ಸುಲಭಕ್ಕೆ ಗೊತ್ತಾಗುವುದಿಲ್ಲ.

ಮೊಜರೆಲ್ಲಾ ಚೀಸಿನ ಅಂಗಡಿ ಕಾಸಾ ಡೆಲ್ಲಾ ಮೊಜರೆಲ್ಲಾವನ್ನು ಕೊನೆಗೆ ಇಟ್ಟುಕೊಳ್ಳಿ. ಹಾಲಿನ ಹೆಪ್ಪನ್ನು ಬಿಸಿನೀರಿನಲ್ಲಿ ನಾದಿ, ಎಳೆದು, ಮಡಿಸಿ, ಕೈಯಿಂದ ಉಂಡೆ ಚಿವುಟುವ ಕೆಲಸ ಇದು. ಅಂದೇ ಮಾಡಿದ್ದನ್ನು ಸೀಳಿದರೆ ಪರೋಟಾದ ಪದರದ ಹಾಗೆ ಬಿಡಿಸಿಕೊಳ್ಳುತ್ತದೆ, ನಡುವಿನಿಂದ ಹಾಲು ಜಿನುಗುತ್ತದೆ. ಫ್ರಿಜ್ಜಿಗೆ ಹೋದರೆ ಈ ಎರಡೂ ಹೋಗಿ ರಬ್ಬರಿನಂತಾಗುತ್ತದೆ. ಆದ್ದರಿಂದ ಆ ದಿನ ತಿನ್ನುವಷ್ಟೇ ಕೊಳ್ಳಿ. ಇಬ್ಬರಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಧಾರಾಳ. ಉಳಿದರೆ ಮಾತ್ರ ಫ್ರಿಜ್ಜಿನಲ್ಲಿಟ್ಟು, ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಪಿಜ್ಜಾಕ್ಕೆ ಹಾಕುವುದಾದರೆ ಹೋಳು ಮಾಡಿ ಬಟ್ಟೆಯ ಮೇಲೆ ನೀರು ಬಸಿಯಲು ಬಿಡಬೇಕು, ಇಲ್ಲದಿದ್ದರೆ ನಡುಭಾಗ ಕೆಸರಾಗುತ್ತದೆ.

ಕನ್ನೋಲಿ ಅಂದರೆ ಗರಿಗರಿ ಕೊಳವೆಯೊಳಗೆ ರಿಕೋಟಾ ಚೀಸ್ ತುಂಬಿದ ಸಿಹಿ; ಅದನ್ನು ನಿಮ್ಮೆದುರೇ ತುಂಬಿಸಿಕೊಡುವ ಕಡೆ ಮಾತ್ರ ಕೊಳ್ಳಿ. ಮಡೋನಿಯಾದಲ್ಲಿ ಹಾಗೆ ಕೊಡುತ್ತಾರೆ. ಮೊದಲೇ ತುಂಬಿಟ್ಟರೆ ರಿಕೋಟಾದ ತೇವಕ್ಕೆ ಕವಚದ ಗರಿಗರಿ ಹೋಗುತ್ತದೆ. ಕವಚದ ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದು ಹಳೆಯ ಪದ್ಧತಿ, ಕೇಳಿಯೇ ತಗೊಳ್ಳಿ. ರೈಲಿನವರೆಗೆ ಕಾಯಬೇಡಿ, ಅಂಗಡಿಯ ಹೊರಗೆ ನಿಂತೇ ತಿಂದುಬಿಡಿ.