ಗೋಣಿಕೊಪ್ಪದ ಹಳೆ ಟ್ರ್ಯಾಕ್ಟರ್ ವರ್ಕ್‌ಶಾಪ್: ಲಿಫ್ಟಿಗೆ ಪೂರ್ಣ ಅಂಕ, ಬಣ್ಣಕ್ಕಿಲ್ಲ

ಹಳೆಯ ಟ್ರ್ಯಾಕ್ಟರನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಬೆಳೆಗಾರರು ಕೊಡಗಿನಲ್ಲಿ ಕಡಿಮೆಯೇನಿಲ್ಲ. ನಮ್ಮ ಮನೆಯ ಮ್ಯಾಸ್ಸಿ ಫರ್ಗ್ಯುಸನ್ 35 ಗಾಡಿಯನ್ನು ಗೋಣಿಕೊಪ್ಪದ ಹೊರವಲಯದ ಒಂದು ವರ್ಕ್‌ಶಾಪಿಗೆ ಪೂರ್ಣ ದುರಸ್ತಿಗೆ ಕೊಟ್ಟಿದ್ದೆವು. ಯಂತ್ರದ ಕೆಲಸದಲ್ಲಿ ಅವರಿಗೆ ಸರಿಸಾಟಿಯಾದವರನ್ನು ಈ ಭಾಗದಲ್ಲಿ ನಾನು ಕಂಡಿಲ್ಲ. ಆದರೆ ಹಳೆಯದನ್ನು ಹಳೆಯದಾಗಿಯೇ ಉಳಿಸುವ ವಿಷಯದಲ್ಲಿ ಅವರನ್ನು ಪೂರ್ತಿ ನಂಬುವಂತಿಲ್ಲ.

ಮಳೆಗಾಲವಿಡೀ ನಿಂತಿದ್ದ ಗಾಡಿಯ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಂಡಿತ್ತು. ಅದು ಅವರಿಗೆ ದೊಡ್ಡ ಕೆಲಸವಾಗಲಿಲ್ಲ. ನಿಜವಾದ ಕಸುಬು ಕಂಡದ್ದು, ಹಿಂದೆ ಕಟ್ಟಿದ ಕಲ್ಟಿವೇಟರಿನಂಥ ಉಳುಮೆ ಸಲಕರಣೆಯನ್ನು ಎಣ್ಣೆಯ ಒತ್ತಡದಿಂದ ಎತ್ತುವ ಹೈಡ್ರಾಲಿಕ್ ಲಿಫ್ಟಿನಲ್ಲಿ. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಪಂಪು ಹಿಂಬದಿಯ ಹೌಸಿಂಗಿನೊಳಗೆ ಎಣ್ಣೆಯಲ್ಲೇ ಮುಳುಗಿದ್ದು ಪಿಟಿಒ ಶಾಫ್ಟಿನಿಂದ (ಹಿಂದಿನ ಸಲಕರಣೆಗಳಿಗೆ ಎಂಜಿನ್ನಿನ ಶಕ್ತಿ ಒಯ್ಯುವ ದಂಡ) ತಿರುಗುವುದರಿಂದ, ಒಳಗಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಎತ್ತಿದ ಕಲ್ಟಿವೇಟರ್ ತಾನಾಗಿ ಕೆಳಗಿಳಿಯುವುದಷ್ಟೇ ಕಾಣುತ್ತದೆ. ಬೇರೆಡೆ ಪಂಪನ್ನೇ ಬದಲಿಸಬೇಕೆಂದಿದ್ದರು. ಇಲ್ಲಿಯ ಹಿರಿಯ ಮೆಕ್ಯಾನಿಕ್ ಸೀಟಿನಡಿಯ ಲಿಫ್ಟ್ ಕವರ್ ಬಿಚ್ಚಿಸಿ, ಪಿಸ್ಟನ್ನಿನ ರಿಂಗು ಸವೆದಿರುವುದನ್ನು ಬೆರಳಿಟ್ಟು ತೋರಿಸಿ, ಅದನ್ನಷ್ಟೇ ಬದಲಿಸಿದರು. ಬಳಿಕ ಕಲ್ಟಿವೇಟರನ್ನು ಎತ್ತಿ, ಎಂಜಿನ್ ನಿಲ್ಲಿಸಿ, ನಾವು ಊಟ ಮುಗಿಸಿ ಬರುವವರೆಗೂ ಹಾಗೆಯೇ ಬಿಟ್ಟರು. ಅದರ ಕುಳಗಳು ಒಂದಿಷ್ಟೂ ಇಳಿದಿರಲಿಲ್ಲ.

ಎಂಜಿನ್ನಿನ ಬಗ್ಗೆ ದೂರಿಲ್ಲ. ಈ ಮಾದರಿಯ ಮೊದಲಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಚಳಿಯಲ್ಲಿ ಸತಾಯಿಸುವುದಕ್ಕೇ ಹೆಸರಾಗಿತ್ತು. ನಮ್ಮದು 1959ರಲ್ಲಿ ಅದರ ಜಾಗಕ್ಕೆ ಬಂದ ಮೂರು ಸಿಲಿಂಡರಿನ ಪರ್ಕಿನ್ಸ್ ಆದ್ದರಿಂದ, ಕಾಫಿ ಕುಯ್ಲಿನ ಜನವರಿಯ ಮುಂಜಾನೆಯಲ್ಲೂ ಒಂದೇ ಸೆಲ್ಫಿಗೆ ಎದ್ದುಕೊಳ್ಳುತ್ತದೆ.

ಬೇಸರವಾದದ್ದು ಬಣ್ಣದಲ್ಲಿ. ಬಾನೆಟ್ಟು, ಮಡ್‌ಗಾರ್ಡು ಕೆಂಪಾಗಿಯೂ ಎಂಜಿನ್, ಗೇರ್‌ಬಾಕ್ಸು ಬೂದು ಬಣ್ಣದಲ್ಲಿಯೂ ಇರಬೇಕಾದ ಗಾಡಿಗೆ ಮೇಲಿಂದ ಕೆಳಗಿನವರೆಗೆ ಕೆಂಪು ಬಳಿದಿದ್ದಾರೆ. ಇನ್ನೊಂದು, ನಮ್ಮನ್ನು ಕೇಳದೆ, ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸಿ, ಹಳೆಯದನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದರು. ವಿಚಾರಿಸಿದಾಗ ಮಾಲೀಕರು, “ಲೈಟು ಈಗ ಚೆನ್ನಾಗಿ ಬರ್ತದಲ್ಲ ಸಾರ್” ಎಂದರು. ಲೈಟು ಚೆನ್ನಾಗಿಯೇ ಬರುತ್ತದೆ, ಅದನ್ನು ಅಲ್ಲಗಳೆಯಲಾರೆ.

ತೋಟದಲ್ಲಿ ಟ್ರೇಲರ್ ಎಳೆಸುವವರು ಕಣ್ಣು ಮುಚ್ಚಿ ಇಲ್ಲಿಗೆ ಕೊಡಬಹುದು. ಮೂಲ ರೂಪ ಬೇಕೆನ್ನುವವರು ಬದಲಿಸಬಾರದ ಭಾಗಗಳನ್ನು ಮೊದಲೇ ಬರೆದುಕೊಟ್ಟು, ಬಣ್ಣವನ್ನು ಬೇರೆಡೆ ಮಾಡಿಸುವುದು ಒಳ್ಳೆಯದು. ಸೆಪ್ಟೆಂಬರಿನ ಕೈಲ್ ಮುಹೂರ್ತದ (ಆಯುಧ, ಕೃಷಿ ಸಲಕರಣೆಗಳನ್ನು ಪೂಜಿಸುವ ಕೊಡಗಿನ ಹಬ್ಬ) ಪೂಜೆಗೆ ಗಾಡಿ ಮನೆಯಲ್ಲಿರಬೇಕೆಂದಿದ್ದರೆ ಮಳೆ ಹಿಡಿಯುವ ಮೊದಲೇ ಒಪ್ಪಿಸಬೇಕು, ಏಕೆಂದರೆ ಹೇಳಿದ ದಿನಕ್ಕೆ ಕೊಡುವ ರೂಢಿ ಇವರಲ್ಲಿಲ್ಲ.